ಬ್ಯಾರನ್ನಿನಲ್ಲಿ ಬೆಂದ ಕ್ಯಾಸೆಟ್

ಹಾಸನ, ಭಾನುವಾರ

ದೊಡ್ಡಪ್ಪನಿಗೆ ನಿಸರ್ಗಳ ನಮಸ್ಕಾರ.

ನಾವು ಗೆದ್ದೆವೆಂದು ಅಮ್ಮ ಆಗಲೇ ಫೋನ್ ಮಾಡಿರುತ್ತಾಳೆ. ಹೇಗೆ ಗೆದ್ದೆವು ಎನ್ನುವುದನ್ನು ನಿಮಗೆ ನಾನೇ ಬರೆಯಬೇಕು.

ನಿಮ್ಮ ಕಾಲೇಜು ದಿನಗಳ ಆ ಹೆವಿ ಮೆಟಲ್ ಕ್ಯಾಸೆಟ್ಟನ್ನು ಅರಕಲಗೂಡಿನ ನಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಮರೆತಿದ್ದಿರಲ್ಲ, ಶಾಖಕ್ಕೆ ಟೇಪು ಹಿಗ್ಗಿ ಹಾಡುಗಳೆಲ್ಲ ನಿಧಾನವಾದವು, ದನಿ ದಪ್ಪವಾಯಿತು. ನಾನು ಗಿಟಾರ್ ಕಲಿತದ್ದು ಅದನ್ನೇ ಕೇಳಿಕೊಂಡು. ಆ ಆಲ್ಬಮ್ ಇರುವುದೇ ಹಾಗೆ ಅಂದುಕೊಂಡಿದ್ದೆ.

ನಿನ್ನೆ ಬ್ಯಾಂಡ್ ಸ್ಪರ್ಧೆಯಲ್ಲಿ ನಮಗಿಂತ ಮೊದಲು ಬಂದ ತಂಡ, ನಾವು ಆ ಕ್ಯಾಸೆಟ್ಟಿನಿಂದ ಆರಿಸಿಕೊಂಡಿದ್ದ ಹಾಡನ್ನೇ ನುಡಿಸಿತು. ಕಡೇ ಬಸ್ಸು ಹೊರಟುಬಿಡುತ್ತದೆ ಎನ್ನುವಂಥ ಅವಸರ. ನಮ್ಮ ಡ್ರಮ್ ಬಾರಿಸುವ ಹಂಸ ಬಿಳುಚಿಕೊಂಡು, "ನಾವು ತಪ್ಪು ಕಲ್ತಿದೀವಿ ಕಣೇ, ಈಗೇನ್ಮಾಡೋದು?" ಅಂದಳು.

"ನಮ್ ದೊಡ್ಡಪ್ಪನ ಕ್ಯಾಸೆಟ್ಟಲ್ಲಿ ಎಂಗೈತೋ ಅಂಗೇ ಬಾರ್ಸು" ಅಂದೆ.

ಶುರುವಿಗೆ ಜನ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಮುಗಿಯುವಾಗ ಇಡೀ ಸಭೆಯ ತಲೆಗಳು ಕಣ ತುಳಿಯುವ ಎತ್ತುಗಳ ಹಾಗೆ ನಿಧಾನಕ್ಕೆ, ಒಟ್ಟಿಗೆ ತೂಗುತ್ತಿದ್ದವು. ಬಹುಮಾನ ಕೊಡುವಾಗ ತೀರ್ಪುಗಾರರು, "ಹುಡುಗನಾಗಿದ್ದಾಗಿಂದ ಈ ಹಾಡು ಕೇಳ್ತಿದೀನಮ್ಮ. ಈ ಭಾರ ಎಲ್ಲಿಂದ ತಂದೆ?" ಅಂದರು.

"ಅರಕಲಗೂಡಿಂದ ಸಾ" ಅಂದೆ.

ಕ್ಯಾಸೆಟ್ ಹಾಳುಮಾಡಿದೆನೆಂದು ನೀವು ಇನ್ನು ಪೇಚಾಡಬೇಡಿ. ಅದೇ ಹೆವಿ ಮೆಟಲ್ ತಂಡದ ಇನ್ನೊಂದು ಕ್ಯಾಸೆಟ್ ಹುಡುಕಿ ಈ ಪತ್ರದ ಜೊತೆ ಕಳಿಸಿದ್ದೇನೆ. ಈ ಸಲ ಸೊಪ್ಪು ಬೇಯಿಸುವಾಗ ದಯವಿಟ್ಟು ಅದನ್ನೂ ಬ್ಯಾರನ್ನಿನ ಅದೇ ಮೂಲೆಯಲ್ಲಿ ಇಡಿ.

ನಿಮ್ಮ ಮಗಳು,
ನಿಸರ್ಗ