ತಪ್ಪಿಲ್ಲದ ಮನೆಗೆ ಕೆಂಪು ಬಾಣ

ತಾರೀಖು ಹದಿನಾಲ್ಕು, ಬುಧವಾರ
ಬೆಳಿಗ್ಗೆ ಹತ್ತು ಗಂಟೆ

ಮಗಳೇ,

ನಿನಗೂ ಅಳಿಯಂದಿರಿಗೂ ಪುಟ್ಟಿಗೂ ನನ್ನ ಆಶೀರ್ವಾದ ಇದ್ದೇ ಇದೆ, ಅದನ್ನು ಆಮೇಲೆ ನೋಡಿಕೊಳ್ಳೋಣ. ಮೊದಲು ಕೆಲಸದ ಮಾತು. ಭಾನುವಾರ ಅಳಿಯಂದಿರು ಬಂದು ನನ್ನ ಎದುರುಮನೆಗೆ ಮುಂಗಡ ಕೊಡುವುದು ಬೇಡ. ನಿನ್ನ ಹೊಸ ಆಸ್ಪತ್ರೆಯ ಹಿಂದಿನ ಬಡಾವಣೆಯಲ್ಲಿರುವ ಮೂರನೇ ಮಹಡಿಯ ಮನೆಯನ್ನೇ ಹಿಡಿಯಿರಿ. ಆ ಬಡಾವಣೆಯ ಬಗ್ಗೆ ಹೋದ ಪತ್ರದಲ್ಲಿ ನಾನು ಬರೆದದ್ದು ಸುಳ್ಳು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ನೀನು "ಊಟ ಆಯ್ತಾಮ್ಮಾ" ಅನ್ನುತ್ತೀಯ, ನಾನು "ಆಯ್ತು" ಅನ್ನುತ್ತೇನೆ, ಅಷ್ಟರಲ್ಲಿ ಪುಟ್ಟಿ ನಿನ್ನ ಕೈಯಿಂದ ಫೋನ್ ಕಿತ್ತುಕೊಂಡು, "ಅಜ್ಜೀ, ನಾನು ಕಿಟಕೀಲಿ ನಿಂತು ಟಾಟಾ ಮಾಡಿದ್ರೆ ನಿಂಗೆ ಕಾಣುತ್ತಾ?" ಎಂದು ಶುರು ಮಾಡುತ್ತಾಳೆ. ಅದಾದ ಮೇಲೆ ನನ್ನ ಬಾಯಿಂದ ನಿಜ ಹೊರಡುವುದಿಲ್ಲ. ಕಾಗದವಾದರೆ ಮಧ್ಯೆ ಬಾಯಿ ಹಾಕುವವರು ಯಾರೂ ಇಲ್ಲ. ನೀನೂ ಪೂರ್ತಿ ಓದಿ ಮುಗಿಸಿದ ಮೇಲೆ ಕೋಪ ಮಾಡಿಕೋ, ನಡುವೆ ಬೇಡ.

ನೀನು ಬರೆದಿದ್ದೆ: "ಅಮ್ಮ, ಎರಡೂ ಕಡೆ ನೋಡಿ ಪುಟ್ಟಿಗೆ ಯಾವುದು ಸರಿ ಹೇಳು. ನಿನ್ನ ಕಣ್ಣು ದಾಟಿ ಬಂದದ್ದನ್ನು ನಾವು ಇನ್ನೊಮ್ಮೆ ನೋಡುವುದಿಲ್ಲ." ಹಾಗೆ ಬರೆಯಬಾರದಿತ್ತು ನೀನು. ಅಷ್ಟು ನಂಬುವವರಿಗೆ ಸುಳ್ಳು ಹೇಳುವುದು ಬಹಳ ಸುಲಭ.

ನಾನು ಹೋದ ದಿನ ಅಲ್ಲಿ ಟ್ಯಾಂಕ್ ತೊಳೆಯುತ್ತಿದ್ದರು. ಎರಡು ಗಂಟೆ ನಲ್ಲಿ ಒಣಗಿತ್ತು. ಆಮೇಲೆ ನೀರು ಬಂದದ್ದನ್ನು ನಾನೇ ಕೈಯೊಡ್ಡಿ ನೋಡಿದೆ. ನಿನಗೆ ಬರೆದದ್ದು ಮಾತ್ರ, "ನೀರಿಗೆ ತಾಪತ್ರಯ, ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ." ಪಕ್ಕದ ರಸ್ತೆಯನ್ನು ಅಗೆದಿದ್ದರಿಂದ ಆ ವಾರ ಲಾರಿಗಳು ಈ ಬೀದಿಗೆ ತಿರುಗಿದ್ದವು. ಶುಕ್ರವಾರ ಆ ಅಗೆದ ಗುಂಡಿ ಮುಚ್ಚಿದರು, ಲಾರಿಗಳೂ ಹೋದವು. ಅದು ಗೊತ್ತಿದ್ದೂ "ಮಗು ಕಣ್ಣು ಮುಚ್ಚುವ ಹಾಗಿಲ್ಲ, ಅಷ್ಟು ಸದ್ದು" ಎಂದು ಬರೆದೆ. ಇವೆರಡರಲ್ಲೂ ಒಂದೊಂದು ಎಳೆ ನಿಜವಿತ್ತು, ಅದನ್ನೇ ಹಿಡಿದು ಎಳೆದೆ. ಮೂರನೆಯದರಲ್ಲಿ ಅದೂ ಇಲ್ಲ. "ಅಲ್ಲಿಯ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ನಾನು ಅರ್ಧ ದಿನ ನಿಂತರೂ ಯಾರೂ ಮಾತಾಡಿಸಲಿಲ್ಲ" ಎಂದೆನಲ್ಲ, ಅದು ಹಸಿ ಸುಳ್ಳು.

ಹತ್ತು ನಿಮಿಷವೂ ನಿಂತಿರಲಿಲ್ಲ ನಾನು. ಅದೇ ಕಟ್ಟಡದ ನೆಲಮಹಡಿಯಲ್ಲಿ ಕನ್ನಡಕ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಾಳೆ. ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ. ಬಾಗಿಲ ಪಕ್ಕದಲ್ಲೇ ಸಣ್ಣ ಮೇಜು, ಅದರ ತುಂಬ ಕಾಲು ಮುರಿದ ಕನ್ನಡಕಗಳು. ನಾನು ಗೋಡೆಯ ಬಿರುಕು ನೋಡುತ್ತಿದ್ದದ್ದನ್ನು ನೋಡಿ ಕೂಗಿದಳು: "ನಿಂತ್ಕೊಂಡು ನೋಡಿದ್ರೆ ಗೋಡೆ ಏನೂ ಹೇಳಲ್ಲ ಕಣ್ರೀ. ಬನ್ನಿ, ಕೂತ್ಕೊಳ್ಳಿ, ನಾನು ಹೇಳ್ತೀನಿ." ಒಂದು ಸ್ಟೂಲ್ ಎಳೆದು ಹಾಕಿದಳು. ಮನೆ ಯಾರಿಗೆ ಎಂದು ಕೇಳಿದಳು. ಯಾರೋ ಬರುತ್ತಾರಂತೆ, ನಾನು ಬರೀ ಚೆಕ್ ಮಾಡಲು ಬಂದವಳು ಎಂದೆ. "ಹಾಗಾದ್ರೆ ನನ್ನನ್ನೂ ಚೆಕ್ ಮಾಡಿಬಿಡಿ. ನಾಲಿಗೆ ಸ್ವಲ್ಪ ಉದ್ದ, ಅದು ಬಿಟ್ರೆ ಡ್ಯಾಮೇಜ್ ಇಲ್ಲ" ಎಂದಳು. ನಗು ಬಂತು, ಆದರೆ ನಗಲಿಲ್ಲ. ನಿನ್ನ ಅಮ್ಮ ಗೊತ್ತಲ್ಲ.

ಎರಡನೇ ಮಹಡಿಯಲ್ಲಿ ಅವಳಿ ಮಕ್ಕಳಿದ್ದಾರೆ, ಪುಟ್ಟಿಯ ವಯಸ್ಸು. ಎದುರಿಗೆ ಸಣ್ಣ ಉದ್ಯಾನ, ಅದರ ಗೇಟಿಗೆ ಚಿಲಕ ಸರಿಯಾಗಿದೆ, ಮಗು ತಾನಾಗಿ ತೆಗೆಯಲಾರದು. ಶಾಲೆಗೆ ರಸ್ತೆ ದಾಟಬೇಕಾಗಿಲ್ಲ. ನಿನ್ನ ಆಸ್ಪತ್ರೆಗೆ ನನ್ನ ನಡಿಗೆಯಲ್ಲಿ ಹನ್ನೊಂದು ನಿಮಿಷ, ನಿನ್ನ ನಡಿಗೆಯಲ್ಲಿ ಎಂಟು. ಇಷ್ಟನ್ನೂ ಮೊದಲ ದಿನವೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ಮನೆಗೆ ಬಂದು ಚೀಟಿ ಹರಿದೆ.

ಇನ್ನು ನನ್ನ ಎದುರುಮನೆ. ಗಾಳಿ ಬೆಳಕು ಚೆನ್ನಾಗಿದೆ ಎಂದು ಬರೆದೆ. ಬೆಳಕು ಚೆನ್ನಾಗಿದೆ. ಗಾಳಿಯ ವಿಷಯ ಕೇಳು. ಆ ಮನೆಯ ಕೆಳಗಿನ ಶೆಡ್ಡಿನಲ್ಲಿ ಎರಡು ವರ್ಷದಿಂದ ಕಬ್ಬಿಣದ ಬೀರುಗಳಿಗೆ ಸ್ಪ್ರೇ ಬಣ್ಣ ಹೊಡೆಯುತ್ತಾರೆ. ನೀನು ಬಂದಾಗಲೆಲ್ಲ ಭಾನುವಾರ, ಭಾನುವಾರ ಶೆಡ್ಡಿಗೆ ರಜೆ, ಬಾಗಿಲು ಎಳೆದಿರುತ್ತದೆ. ನೀನು ಅದನ್ನು ಗೋಡೌನ್ ಎಂದುಕೊಂಡಿದ್ದೀಯ, ನಾನೂ ಹಾಗೇ ಬಿಟ್ಟೆ. ಮುಂಗಡ ಕೊಡಲು ಭಾನುವಾರವೇ ಬನ್ನಿ ಎಂದು ಅಷ್ಟು ಒತ್ತಿ ಬರೆದದ್ದು ಯಾಕೆಂದು ಈಗ ತಿಳಿಯಿತಲ್ಲ. ನೀನು ನರ್ಸ್, ಇದನ್ನು ಓದಿದ ಕೂಡಲೇ ನಿನ್ನ ಬುದ್ಧಿ ನನ್ನ ಕೆಮ್ಮಿನ ಕಡೆ ಓಡುತ್ತದೆ. ಓಡಿಸಬೇಡ. ಅದು ವಯಸ್ಸಿನ ಕೆಮ್ಮು.

ಪುಟ್ಟಿಗೆ ಉಬ್ಬಸವಿದೆ ಎಂದು ನನಗೆ ಗೊತ್ತಿರಲಿಲ್ಲವೇ? ಹೋದ ವರ್ಷ ಮೂರು ದಿನ ಅವಳ ಪಕ್ಕದಲ್ಲಿ ಕುಳಿತು ಎದೆ ಏರಿ ಇಳಿಯುವುದನ್ನು ಎಣಿಸಿದವಳು ನಾನೇ. ಗೊತ್ತಿತ್ತು. ಕಿಟಕಿ ಮುಚ್ಚಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮಧ್ಯಾಹ್ನವೆಲ್ಲ ಅವಳು ನನ್ನ ಮನೆಯಲ್ಲೇ ಇರುತ್ತಾಳೆ, ನನ್ನದು ರಸ್ತೆಯ ಈಚೆ ಬದಿ, ಆ ಬಣ್ಣದ ಗಾಳಿ ಇಲ್ಲಿಯವರೆಗೆ ಅಷ್ಟು ಬರುವುದಿಲ್ಲ ಎಂದುಕೊಂಡೆ. ಮನಸ್ಸಿಗೆ ಬೇಕಾದದ್ದಕ್ಕೆ ನೆಪ ಹುಡುಕುವುದು ಎಷ್ಟು ಸಲೀಸು ಎಂದು ಈ ವಯಸ್ಸಿನಲ್ಲಿ ತಿಳಿಯಿತು.

ಹೋದ ಗುರುವಾರ ನಿನ್ನ ಉತ್ತರ ಬಂತು. "ನೀನು ಪಾಸ್ ಮಾಡಿದ್ದೀಯ, ಇನ್ನೇನು ನೋಡುವುದು, ಎದುರುಮನೆಗೇ ಬರುತ್ತೇವೆ." ಬಾಗಿಲಲ್ಲೇ ನಿಂತು ಓದಿದೆ. ಮರುದಿನವೇ ಮಾಲೀಕರಿಂದ ಬೀಗದ ಕೈ ಇಸಿದುಕೊಂಡು, ನೀವು ಬರುವಷ್ಟರಲ್ಲಿ ಮನೆ ಲಕಲಕ ಅನ್ನಬೇಕು ಎಂದು ಬಕೆಟ್ ಹಿಡಿದು ಹೋದೆ. ಪುಟ್ಟಿ ನಿಂತು ಕೈ ಬೀಸುತ್ತೇನೆ ಎಂದ ಕಿಟಕಿಯನ್ನೇ ಮೊದಲು ಒರೆಸಿದೆ. ಬಟ್ಟೆ ಬೂದು ಹಸಿರಾಯಿತು. ಹಳೆಯ ಧೂಳು ಎಂದುಕೊಂಡೆ. ಶನಿವಾರ ಮತ್ತೆ ಹೋಗಿ ಅದೇ ಕಿಟಕಿ ಒರೆಸಿದೆ. ಮತ್ತೆ ಬೂದು ಹಸಿರು. ಒಂದೇ ದಿನದ್ದು. ಆ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಖಾಲಿ ಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಅಲ್ಲಿ ನನಗೆ ಕಾಜದಕ್ಕನ ನೆನಪಾಯಿತು.

ಕಾಜದಕ್ಕ ನಿನಗೆ ನೆನಪಿರಬೇಕು. ಗಾರ್ಮೆಂಟ್ಸ್‌ನಲ್ಲಿ ಮೊದಲು ಕಾಜಾ ಹಾಕುವ ಮಿಷಿನ್ನಿನಲ್ಲಿದ್ದು ಆಮೇಲೆ ನನ್ನ ಚೆಕಿಂಗ್ ಟೇಬಲ್ಲಿಗೆ ಬಂದವಳು. ರಜಾದಿನ ನಿನ್ನನ್ನು ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ಅವಳು ಬರುವುದು ನಿಂತಾಗ ನೀನು ಕೇಳಿದೆ, ಅವಳು ಬೇರೆ ಊರಿಗೆ ಹೋದಳು ಎಂದೆ. ಅದೂ ಸುಳ್ಳು. ಅವಳನ್ನು ಕೆಲಸದಿಂದ ತೆಗೆಸಿದವಳು ನಾನು.

ನಮ್ಮ ಕೆಲಸ ನಿನಗೆ ಗೊತ್ತು. ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಹರಡಿ, ಕಾಲರಿನಿಂದ ಶುರು ಮಾಡಿ ಒಂದು ಸುತ್ತು, ಒಳಮಗ್ಗುಲು ಮಾಡಿ ಇನ್ನೊಂದು ಸುತ್ತು ನೋಡುವುದು. ತಪ್ಪಿದ್ದ ಕಡೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ತಿದ್ದಲಾಗದ ತಪ್ಪಾದರೆ ಆ ಬಟ್ಟೆ ರಿಜೆಕ್ಟ್ ಮೂಟೆಗೆ. ವರ್ಷಕ್ಕೆ ಎರಡು ಸಲ ಆ ಮೂಟೆ ಬಿಚ್ಚಿ ಕೆಲಸದವರಿಗೇ ಅಗ್ಗಕ್ಕೆ ಮಾರುತ್ತಿದ್ದರು. ಕಾಜದಕ್ಕ ಒಂದು ದಿನ ಹಳದಿ ಫ್ರಾಕೊಂದನ್ನು ಬಹಳ ಹೊತ್ತು ನೋಡಿದಳು. ಅದರಲ್ಲಿ ಒಂದು ಹೊಲಿಗೆಯೂ ತಪ್ಪಿರಲಿಲ್ಲ. ನೋಡಿ ನೋಡಿ, ತೋಳಿನ ಹತ್ತಿರ ಕೆಂಪು ಬಾಣ ಅಂಟಿಸಿ ಮೂಟೆಯ ಅಡಿಗೆ ತುರುಕಿದಳು. ತನ್ನ ಮಗಳಿಗೆ ಬೇಕಾಗಿತ್ತು. ನಾನು ಕಂಡೆ. ಹನ್ನೊಂದು ವರ್ಷ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚಿದವರು ನಾವು. ಆದರೂ ಎದ್ದು ಹೋಗಿ ಸೂಪರ್‌ವೈಸರಿಗೆ ಹೇಳಿದೆ. ಅಂದೇ ಅವಳನ್ನು ಕಳಿಸಿದರು.

ಹೋಗುವಾಗ ಅವಳು ಅಳಲಿಲ್ಲ, ಬೈಯಲಿಲ್ಲ. ನನ್ನ ಟೇಬಲ್ಲಿನ ಮುಂದೆ ನಿಂತು, "ಒಂದು ಫ್ರಾಕಿಗೆ ಇಷ್ಟಾ? ನಿಂಗೆ ಜನ್ಮದಲ್ಲಿ ಇದು ಬೇಕು ಅನ್ನಿಸಿದ್ದು ಒಂದಾದ್ರೂ ಇದೆಯೇನೇ?" ಎಂದು ಕೇಳಿದಳು. ನಾನು ತಲೆ ಎತ್ತಲಿಲ್ಲ, ಕೈಯಲ್ಲಿದ್ದ ಶರಟಿನ ಹೊಲಿಗೆ ನೋಡುತ್ತಿದ್ದೆ. ಅವತ್ತಿನಿಂದ ಕೆಲಸ ಬಿಡುವವರೆಗೆ, ಹನ್ನೆರಡು ವರ್ಷ, ಊಟದ ಹೊತ್ತಿಗೆ ಆ ಬೆಂಚಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಜಾಗ ವಿಶಾಲವಾಯಿತು ಎಂದುಕೊಂಡೆ. ನಾನು ಮಾಡಿದ್ದು ಸರಿ ಎಂಬ ಒಂದೇ ಮಾತನ್ನು ದಿನಾ ಬುತ್ತಿಯ ಜೊತೆ ಕಟ್ಟಿಕೊಂಡು ಹೋಗುತ್ತಿದ್ದೆ.

ಆ ಖಾಲಿ ಮನೆಯಲ್ಲಿ ಅವಳ ಪ್ರಶ್ನೆಗೆ ಉತ್ತರ ಬಂತು. ಬೇಕು ಅನ್ನಿಸಿದ್ದು ಇದೆ. ಎದುರು ಕಿಟಕಿಯಲ್ಲಿ ಒಂದು ಸಣ್ಣ ಕೈ ಬೀಸುವುದು ನನಗೆ ಬೇಕು. ಅದಕ್ಕಾಗಿ ತಪ್ಪಿಲ್ಲದ ಮನೆಗೆ ಕೆಂಪು ಬಾಣ ಅಂಟಿಸಿದೆ. ಕಾಜದಕ್ಕ ಅಂಟಿಸಿದ್ದು ಒಂದು ಫ್ರಾಕಿಗೆ, ಅದರಿಂದ ಯಾರ ಉಸಿರೂ ಕಟ್ಟುತ್ತಿರಲಿಲ್ಲ. ನನ್ನದು ಅವಳದ್ದಕ್ಕಿಂತ ಕೆಟ್ಟ ಕೆಲಸ.

ಆದರೂ ಎರಡೂ ಮನೆಯ ಗಾಳಿಯನ್ನು ಒಮ್ಮೆ ಚೆಕ್ ಮಾಡಿಬಿಡೋಣ ಎಂದು ಹಳೆಯ ಬಿಳಿ ದಿಂಬಿನ ಚೀಲವೊಂದನ್ನು ಎರಡು ತುಂಡು ಮಾಡಿದೆ. ಸೋಮವಾರ ಬೆಳಿಗ್ಗೆ ಒಂದನ್ನು ಎದುರುಮನೆಯ ಕಿಟಕಿಗೆ ಕಟ್ಟಿದೆ, ಇನ್ನೊಂದನ್ನು ತೆಗೆದುಕೊಂಡು ಹೋಗಿ ಆ ಮೂರನೇ ಮಹಡಿಯ ಕಿಟಕಿಗೆ ಕಟ್ಟಿದೆ. ನಿನ್ನೆ ಎರಡನ್ನೂ ಬಿಚ್ಚಿ ತಂದೆ. ಇದರ ಜೊತೆ ಇಟ್ಟಿದ್ದೇನೆ. ಯಾವುದು ಯಾವ ಮನೆಯದು ಎಂದು ಬರೆಯುವ ಅಗತ್ಯವಿಲ್ಲ. ಅವುಗಳಲ್ಲಿ ಒಂದನ್ನು ಮಾತ್ರ ಪುಟ್ಟಿಯ ಕೈಗೆ ಕೊಡಬೇಡ.

ಆ ಮನೆಯಲ್ಲಿ ನಿಜವಾದ ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ಲಿಫ್ಟ್ ಇಲ್ಲ. ಬಚ್ಚಲಿನ ಬಾಗಿಲು ಉಬ್ಬಿಕೊಂಡು ಚಿಲಕ ಕೂರುವುದಿಲ್ಲ. ಬಾಲ್ಕನಿಯ ಕಂಬಿಗಳ ನಡುವೆ ನನ್ನ ತಲೆ ಹಿಡಿಸುವುದಿಲ್ಲ, ಪುಟ್ಟಿಯ ತಲೆ ಹಿಡಿಸುತ್ತದೆ, ಆದ್ದರಿಂದ ಮೊದಲ ದಿನವೇ ಜಾಲರಿ ಹಾಕಿಸಬೇಕು. ಇವೆಲ್ಲ ತಿದ್ದಬಹುದಾದ ತಪ್ಪುಗಳು. ಮನೆ ಪಾಸ್.

ನನ್ನನ್ನು ಆ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳುವ ಮಾತು ತೆಗೆಯಬೇಡ. ಇರುವುದು ಎರಡು ಕೋಣೆ, ನಾನು ಒಂದು ಕೋಣೆಯಷ್ಟು ಮಾತಾಡುವವಳಲ್ಲದಿದ್ದರೂ ಎರಡು ಕೋಣೆಯಷ್ಟು ಮುಖ ಗಂಟು ಹಾಕುವವಳು. ಅಳಿಯಂದಿರು ಒಳ್ಳೆಯವರು, ಅವರನ್ನು ಪರೀಕ್ಷೆಗೆ ಹಚ್ಚುವುದು ಬೇಡ. ಇಲ್ಲಿ ನನಗೆ ಎಲ್ಲ ಅಭ್ಯಾಸವಾಗಿದೆ. ಎದುರುಮನೆಯ ಬೀಗದ ಕೈ ಇಂದು ಮಾಲೀಕರಿಗೆ ವಾಪಸು ಕೊಟ್ಟೆ. "ಏನಮ್ಮಾ, ಮಗಳು ಬರಲ್ವಾ?" ಎಂದರು. ಇಲ್ಲ ಎಂದೆ. ಶೆಡ್ಡಿನವರಿಗೆ ಕೇಳುವ ಹಾಗೆ ಕಾರಣವನ್ನೂ ಹೇಳಿದೆ. ಅವರ ಕಂಪ್ರೆಸರ್ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ.

ಪುಟ್ಟಿಗೆ ಏನು ಹೇಳುತ್ತೀಯೋ ನೋಡು. ಅಜ್ಜಿ ಸುಳ್ಳು ಹೇಳಿದಳು ಎಂದೇ ಹೇಳು, ಪರವಾಗಿಲ್ಲ. ಆದರೆ ಅಜ್ಜಿ ತಾನೇ ಒಪ್ಪಿಕೊಂಡಳು ಎನ್ನುವುದನ್ನೂ ಸೇರಿಸು.

ಆಶೀರ್ವಾದ ಆಮೇಲೆ ಎಂದಿದ್ದೆ. ಮೂವರೂ ಚೆನ್ನಾಗಿ ಉಸಿರಾಡಿಕೊಂಡು ಇರಿ.

ಇಂತಿ,
ಹೋದ ಪತ್ರ ಬರೆದವಳೇ ಆದ
ನಿನ್ನ ಅಮ್ಮ

ಮರೆತ ಮಾತು: ನಿನ್ನೆ ಬಟ್ಟೆ ಬಿಚ್ಚಿಕೊಂಡು ಇಳಿಯುವಾಗ ಕನ್ನಡಕದಾಕೆ ಮತ್ತೆ ಸ್ಟೂಲ್ ಎಳೆದಳು. ಅಲ್ಲಿಗೆ ನಾನು ಹೋದದ್ದು ಒಂದು ಸಲವಲ್ಲ, ಏಳು ಸಲ. ಮೂರು ಸಲ ಹೋಗುವಷ್ಟರಲ್ಲೇ ನೋಡುವುದೆಲ್ಲ ಮುಗಿದಿತ್ತು, ಮಿಕ್ಕ ದಿನ ಆ ಸ್ಟೂಲಿಗಾಗಿ ಹೋದೆ. ಎರಡು ಬಸ್ಸು, ಒಂದು ಗಂಟೆ ಹತ್ತು ನಿಮಿಷ. ಒಂಬತ್ತರ ಬಸ್ಸಿನಲ್ಲಿ ಸೀಟು ಸಿಗುತ್ತದೆ. "ಇಷ್ಟು ಸಲ ಬಂದ್ರಿ, ನಿಮ್ಮ ಬಗ್ಗೆ ಒಂದು ಮಾತೂ ಬಿಡಲಿಲ್ಲ. ಮಕ್ಕಳು ಇದ್ದಾರಾ?" ಎಂದಳು. ಒಬ್ಬಳು ಮಗಳು ಎಂದೆ. "ಎಲ್ಲಿದ್ದಾಳೆ?" ಎಂದಳು. ನಾನು ಕೈ ಎತ್ತಿ ಮೂರನೇ ಮಹಡಿಯ ಕಿಟಕಿ ತೋರಿಸಿಬಿಟ್ಟೆ. ಈಗ ನೀನು ಆ ಮನೆಗೆ ಬಾರದಿದ್ದರೆ ಅದೂ ಒಂದು ಸುಳ್ಳಾಗುತ್ತದೆ.