ಕೈಕಟ್ಟಿ ನಿಂತ ಏಳು ವಾರ

ಮಾರ್ಚ್ ೧೪, ಶನಿವಾರ ಮಧ್ಯಾಹ್ನ

ಪ್ರೀತಿಯ ಅಕ್ಕ,

ನಾನು ಚೆನ್ನಾಗಿದ್ದೇನೆ. ಊಟ ತಿಂಡಿ ಹೊತ್ತುಹೊತ್ತಿಗೆ ಆಗುತ್ತಿದೆ, ಆಸ್ಪತ್ರೆಯವರು ಒಳ್ಳೆಯವರು. ಅಮ್ಮನಿಗೆ ಇಷ್ಟು ಓದಿ ಹೇಳಿ ನಿಲ್ಲಿಸು. ಮಿಕ್ಕಿದ್ದು ನಿನಗೆ.

ಇಲ್ಲಿ ನನ್ನ ಕೆಲಸ ಏನಿತ್ತು ಗೊತ್ತಾ? ನೋಡುವುದು, ಅಷ್ಟೇ. ಊರಲ್ಲಿ ಮೂರು ವರ್ಷ ಡಾಕ್ಟರಾಗಿ ಒಂದಿಡೀ ವಾರ್ಡು ನಿಭಾಯಿಸಿದವಳು ಇಲ್ಲಿ ಕುತ್ತಿಗೆಗೆ ವೀಕ್ಷಕಿ ಅನ್ನೋ ಬಿಲ್ಲೆ ನೇತುಹಾಕಿಕೊಂಡು ದೊಡ್ಡ ಡಾಕ್ಟರ ಹಿಂದೆ ಬಾಲದ ಹಾಗೆ ತಿರುಗಿದೆ. ರೋಗಿಗಳನ್ನು ಮುಟ್ಟಬಾರದು ಅಂತ ಮೊದಲ ದಿನವೇ ಸಹಿ ಹಾಕಿಸಿಕೊಂಡಿದ್ದರು. ಎಂಟು ವಾರ ತೆಪ್ಪಗೆ ನಿಂತರೆ ಅವರು ಶಿಫಾರಸು ಪತ್ರ ಕೊಡುತ್ತಾರೆ. ಅದಿಲ್ಲದೆ ಈ ದೇಶದಲ್ಲಿ ಡಾಕ್ಟರಾಗಲು ಬೇಕಾದ ರೆಸಿಡೆನ್ಸಿ ತರಬೇತಿಯ ಸೀಟು ಕನಸಿನ ಮಾತು. ನನ್ನ ಸ್ಟೆತಾಸ್ಕೋಪು ನಿನ್ನ ಮದುವೆ ಸೀರೆಯ ಹಾಗೆ ಪೆಟ್ಟಿಗೆ ಬಿಟ್ಟು ಮೇಲೇಳಲೇ ಇಲ್ಲ.

ಏಳನೇ ವಾರದ ಮಂಗಳವಾರ. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿ ಅವತ್ತೇ ಮನೆಗೆ ಹೊರಟಿದ್ದರು, ಬಡಿತ ನೋಡಲು ಎದೆಗೆ ಹಚ್ಚಿದ್ದ ವೈರುಗಳನ್ನೆಲ್ಲ ನರ್ಸುಗಳು ಬೆಳಿಗ್ಗೆಯೇ ತೆಗೆದಿದ್ದರು. ಎಲ್ಲರೂ ಮುಂದಿನ ಹಾಸಿಗೆಗೆ ಸರಿದರು, ನಾನು ಹಿಂದೆ ಉಳಿದೆ. ಅಜ್ಜಿಯ ಕೈ ಹಿಡಿದೆ. ನಾಡಿ ತಪ್ಪಿ ತಪ್ಪಿ ಬಡಿಯುತ್ತಿತ್ತು. ಬಾಯಿ ಬಿಟ್ಟರೆ ನಾನು ಮುಟ್ಟಿದ್ದು ಗೊತ್ತಾಗುತ್ತದೆ, ಬಿಡದಿದ್ದರೆ ಅಜ್ಜಿ ಹಾಗೇ ಮನೆಗೆ ಹೋಗುತ್ತಾರೆ. ಹೋಗಿ ದೊಡ್ಡ ಡಾಕ್ಟರಿಗೆ ಹೇಳಿದೆ. ಇಸಿಜಿ ತೆಗೆದು, ಮನೆಗೆ ಕಳಿಸುವುದನ್ನು ನಿಲ್ಲಿಸಿ, ಔಷಧಿ ಶುರುಮಾಡಿದರು.

ಸಂಜೆ ದೊಡ್ಡ ಡಾಕ್ಟರು ತಮ್ಮ ಕೋಣೆಗೆ ಕರೆದರು. ನೀನು ಕಂಡುಹಿಡಿದದ್ದು ಸರಿ, ಆದರೆ ನಿಯಮ ಮುರಿದವಳಿಗೆ ಪತ್ರ ಬರೆಯಲಾರೆ ಅಂದರು. ಕುರ್ಚಿ ತೋರಿಸಿ ಮರ್ಯಾದೆಯಿಂದಲೇ ಹೇಳಿದರು, ಅದಕ್ಕೇ ಇನ್ನೂ ಉರಿಯಿತು. ಯಾಕೆ ಮುಟ್ಟಿದೆ ಅಂತ ಕೇಳಿದರು. ಅಭ್ಯಾಸಬಲ, ಕೈ ತಾನಾಗಿ ಹೋಯಿತು ಅಂದೆ. ಬಿಲ್ಲೆ ವಾಪಸು ಕೊಟ್ಟು ಬಂದೆ.

ಆವತ್ತಿನಿಂದ ರೂಮಲ್ಲೇ ಇದ್ದೇನೆ. ಮನೆಯೊಡತಿ ಏನಿದ್ದರೂ ಬಾಗಿಲಡಿ ಚೀಟಿ ತೂರಿಸುತ್ತಾರೆ. ಹೋಗು ಹೋಗು ಅಂತ ನನ್ನನ್ನು ಹುರಿದುಂಬಿಸಿದವಳು ನೀನೇ ಅಂತ ನಿನ್ನ ಮೇಲೆ ಸಿಟ್ಟು ಬಂತು, ಆಮೇಲೆ ಗೋಡೆಗೆ ಒರಗಿ ಚೆನ್ನಾಗಿ ಅತ್ತೆ. ಬೇರೆ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಬಯ್ಯಬೇಡ.

ನಿನ್ನ
ಮೊಂಡಿ

ತಾ.ಕ.: ಅಭ್ಯಾಸಬಲ ಅಂದದ್ದು ಸುಳ್ಳು ಅಕ್ಕ. ನಾಡಿ ನೋಡೋಣ ಅಂತ ನಾನು ಹಿಡಿಯಲೇ ಇಲ್ಲ. ಅಜ್ಜಿ ಸುಮ್ಮನೆ ನನ್ನ ಕಡೆ ಕೈ ಚಾಚಿದರು. ಏಳು ವಾರದಿಂದ ನನ್ನನ್ನು ಯಾರೂ ಮುಟ್ಟಿರಲಿಲ್ಲ. ಹಿಡಿದುಕೊಂಡೆ. ನಾಡಿ ಸಿಕ್ಕಿದ್ದು ಆಮೇಲೆ.