ಗ್ಯಾನಮ್ಮನ ಕೌದಿ

ಜನವರಿ 8, 1968. ಸೋಮವಾರ. ಬೆಳಿಗ್ಗೆ 6
ಬಲ ಮೊಣಕೈ ಮಡಿಕೆ: ಕೆಂಪು, ಒದ್ದೆ. ಎಡ: ಕೆಂಪು, ಒಣ. ಕತ್ತಿನಲ್ಲಿ ಮೂರು ಹೊಸ ಗೀರು. ಮೊಣಕಾಲ ಹಿಂಭಾಗ ನೋಡಲು ಬಿಡಲಿಲ್ಲ.
ಉಗುರು ನಿನ್ನೆಯೇ ಕತ್ತರಿಸಿದ್ದೆ. ಕೈಗೆ ಕಾಲುಚೀಲ ತೊಡಿಸಿ ದಾರ ಕಟ್ಟಿದೆ. ಹಲ್ಲಿನಿಂದ ಬಿಚ್ಚಿಕೊಂಡಳು. ಮೂರು ವರ್ಷದ ಅಮರಿಗೆ ಇಷ್ಟು ಹಟ.
"ಅಕ್ಕೋರ, ಕೆರಿ" ಎಂದು ಬೆನ್ನು ಕೊಟ್ಟಳು. ಶಾಲೆಯ ಮಕ್ಕಳು ಕರೆಯುವ ಹಾಗೆಯೇ ಇವಳೂ ಕರೆಯುತ್ತಾಳೆ. ಮದುವೆಯಾಗಿ ಹತ್ತು ತಿಂಗಳು. ತಿದ್ದಿಲ್ಲ. ಹೆತ್ತವಳು ನಾನಲ್ಲ.
ಕೆರೆಯಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಅಂಗೈಯಿಂದ ಒತ್ತಿ ಹಿಡಿದೆ. ನೂರು ಎಣಿಸುವಷ್ಟರಲ್ಲಿ ಅಳು ನಿಂತಿತು.

ಜನವರಿ 10
ಸಿಂಧನೂರಿನ ಡಾಕ್ಟರು ಕನ್ನಡಕ ತೆಗೆದು ನೋಡಿದರು. "ಇಸಬು ಇದು. ಯಾರಿಗೂ ಅಂಟಂಗಿಲ್ಲ. ಬಿಸಿ ನೀರು ಬ್ಯಾಡ. ಎಣ್ಣಿ ಬಿಡಬ್ಯಾಡ್ರಿ. ಸ್ವಚ್ಛ ಇಡ್ರಿ." ಗುಲಾಬಿ ಬಣ್ಣದ ಔಷಧ ಕೊಟ್ಟರು.
ಸ್ವಚ್ಛ. ಉಳಿದದ್ದು ಹೇಗೋ, ಇದೊಂದು ನನ್ನ ಕೈಯಲ್ಲಿದೆ.
ಪಕ್ಕದ ಮನೆಯ ಹುಸೇನಮ್ಮ ಕಾಲುವೆ ಕೆಳಗಿನ ಹೊಲದಿಂದ ಒಂದು ಬುಟ್ಟಿ ಸವಳು ಮಣ್ಣು ತಂದುಕೊಟ್ಟಳು. ನೀರು ಬಂದ ಮೇಲೆ ಅಲ್ಲಿ ನೆಲ ಬೆಳ್ಳಗೆ ಉಕ್ಕಿದೆ. ಬೆಳೆ ಬರುವುದಿಲ್ಲ, ಬಟ್ಟೆಗೆ ಮಾತ್ರ ಚೆನ್ನ. "ಸೋಪೇನು ಮಾಡ್ತದರೀ ಅಕ್ಕೋರ? ಒಂದ್ ರಾತ್ರಿ ಇದರಾಗ ನೆನಸ್ರಿ. ನಿಮ್ಮ ಬಟ್ಟಿ ನೋಡಿ ಕೊಕ್ಕರಿ ನಾಚಬೇಕು!"
ಓದುತ್ತಿರುವ ಅನುವಾದದ ಕಾದಂಬರಿಯಲ್ಲಿ ದಾದಿಯೊಬ್ಬಳು ರೋಗಿಯ ಜ್ವರವನ್ನು ದಿನಕ್ಕೆ ನಾಲ್ಕು ಸಲ ಬರೆದಿಡುತ್ತಾಳೆ. ನಾನೂ ಬರೆಯುತ್ತೇನೆ. ಎರಡು ಸಲ ಸಾಕು.

ಜನವರಿ 14. ಭಾನುವಾರ
ಮಗುವಿನ ಬಟ್ಟೆ ಎಲ್ಲವನ್ನೂ ಸವಳಿನಲ್ಲಿ ನೆನೆಸಿ ಒಗೆದೆ. ಹಗ್ಗದ ಮೇಲೆ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬಿಳಿ. ಯಾರು ಬೇಕಾದರೂ ಬಂದು ನೋಡಬಹುದು.

ಜನವರಿ 15. ಸಂಜೆ
ಬೆಳಿಗ್ಗೆ ನೋಡಿದರೆ ಎರಡೂ ಮೊಣಕೈಯಲ್ಲಿ ರಕ್ತ. ಹೊಟ್ಟೆ, ಕೆನ್ನೆಗೂ ಹಬ್ಬಿದೆ. ಮೈ ಬೆಚ್ಚಗಿತ್ತು.
ಇಂಥ ದಿನವೇ ಪಾಮನಕಲ್ಲೂರಿನಿಂದ ಪಕೀರಮ್ಮ ಬಂದಳು. ಯಜಮಾನರ ಮೊದಲ ಹೆಂಡತಿ, ತೀರಿಕೊಂಡ ಗ್ಯಾನಮ್ಮನ ತಾಯಿ, ಅಮರಿಯ ಅಜ್ಜಿ. ಸಂಕ್ರಾಂತಿಗೆಂದು ಸಜ್ಜೆ ರೊಟ್ಟಿ ಕಟ್ಟಿ ತಂದಿದ್ದಳು. ಗಂಟು ಬಿಚ್ಚಲಿಲ್ಲ. ಮಗುವಿನ ಅಂಗಿ ಎತ್ತಿ ನೋಡಿದಳು.
"ಅಕ್ಕೋರ, ಊರ ಮಕ್ಕಳಿಗೆ ಅಕ್ಷರ ಕಲಸ್ತೀರಿ. ಒಂದು ಕೂಸಿನ ಮೈ ನೋಡಾಕ ಟೈಮ್ ಸಿಗಲಿಲ್ಲೇನ್ರಿ?"
ಡಾಕ್ಟರ ಚೀಟಿ ತೋರಿಸಿದೆ.
"ಚೀಟಿ ಹಚ್ಚಿದ್ರ ವಾಸಿ ಆಕ್ಕೈತೇನ್ರಿ?"
ಇವರು ಕಾಲುವೆ ಗೇಟಿನ ಕೆಲಸದಿಂದ ಬಂದವರು ಬಾಗಿಲಲ್ಲೇ ನಿಂತರು. ಮಗುವನ್ನು ಸೊಂಟಕ್ಕೇರಿಸಿಕೊಂಡು, ಕೌದಿಯನ್ನು ಬಗಲಿಗಿಟ್ಟುಕೊಂಡು ಆಕೆ ಹೊರಟಳು. ಗ್ಯಾನಮ್ಮನ ಸೀರೆಗಳ ತುಂಡು ಕೂಡಿಸಿ ಹೊಲಿದ ಹೊದಿಕೆ ಅದು. ಅದಿಲ್ಲದೆ ಅಮರಿ ಮಲಗುವುದಿಲ್ಲ.
ಬಸ್ಸಿನ ತನಕ ಹೋದೆ. ಗುಲಾಬಿ ಔಷಧದ ಬಾಟಲಿ ನನ್ನ ಕೈಯಲ್ಲೇ ಉಳಿಯಿತು.

ಜನವರಿ 30
ಬರೆಯಲು ಏನೂ ಇರಲಿಲ್ಲ.
ಇವರು ನಿನ್ನೆ ಹೋಗಿ ನೋಡಿ ಬಂದರು. ಕೈ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದರು. "ಮೈ ಒಣಗೈತಿ. ಕೆರಕೊಳ್ಳಾಕತ್ತಿಲ್ಲ." ಆಮೇಲೆ: "ಅಲ್ಲೇ ಇರಲಿ ಅಂತಾಳ ಅತ್ತಿ. ಕಾಯಂ."
"ನೀವೇನಂದ್ರಿ?"
"ಏನನ್ನಲಿ?"

ಫೆಬ್ರವರಿ 4. ಭಾನುವಾರ
ಮಸ್ಕಿಯಲ್ಲಿ ಬಸ್ಸು ಬದಲಿಸಿ ಪಾಮನಕಲ್ಲೂರಿಗೆ ಹೋದೆ. ಅಮರಿ ಮಣ್ಣಿನಲ್ಲಿ ಆಡುತ್ತಿದ್ದಳು. ಅಂಗಿ ಕೊಳೆ, ತಲೆಯಲ್ಲಿ ಹೊಟ್ಟು. ಮೊಣಕೈ ಮಡಿಕೆ ನುಣುಪು. ನನಗೆ ಮೊದಲು ಬಂದದ್ದು ಸಂತೋಷವಲ್ಲ. ಅದನ್ನೂ ಬರೆಯಬೇಕು.
ಒಗೆದು ಒಯ್ದಿದ್ದ ಬಿಳಿ ಫ್ರಾಕು ತೊಡಿಸಿದೆ. ಕುಣಿದಳು. ಮೂರು ಗಂಟೆಗೆ ಕತ್ತು ಕೆರೆಯತೊಡಗಿದಳು. ಐದಕ್ಕೆ ಕಂಕುಳ, ಸೊಂಟ.
ಪಕೀರಮ್ಮ ಫ್ರಾಕನ್ನು ಎಳೆದು ತೆಗೆದಳು. "ನೋಡವ್ವಾ, ನೀ ಮುಟ್ಟಿದ್ದೇ ತಡ. ಇಪ್ಪತ್ತು ದಿನ ಸುಮ್ಮಕಿತ್ತು ಕೂಸು. ಇನ್ನ ಬರಬ್ಯಾಡ."
ಮೊದಲ ಸಲ "ರೀ" ಬಿಟ್ಟಳು.

ಫೆಬ್ರವರಿ 5. ಬೆಳಿಗ್ಗೆ
ಕತ್ತು, ಕಂಕುಳ, ಸೊಂಟ. ಫ್ರಾಕು ಬಿಗಿಯಾಗಿ ತಾಗುವ ಮೂರೇ ಜಾಗ. ನನ್ನ ಕೈ ತಾಗಿದ್ದು ಕೆನ್ನೆಗೆ. ಕೆನ್ನೆಗೆ ಏನೂ ಆಗಿರಲಿಲ್ಲ.
ಫ್ರಾಕಿನ ಪಟ್ಟಿ ಬಿಚ್ಚಿ, ನೀರಲ್ಲಿ ಅದ್ದಿ ನನ್ನ ಎಡ ಮುಂಗೈಗೆ ಕಟ್ಟಿದ್ದೇನೆ. ಬಲಗೈಗೆ, ಅಂಗಡಿಯಿಂದ ತಂದ ಹೊಸ ಬಟ್ಟೆ, ಅದೂ ಒದ್ದೆ.

ಫೆಬ್ರವರಿ 8
ಎಡ: ಕೆಂಪು, ಉರಿ, ಸಣ್ಣ ಗುಳ್ಳೆ. ಬಲ: ಏನೂ ಇಲ್ಲ.
ಸವಳು. ಅದರ ಕ್ಷಾರ ಒಂದೆರಡು ನೀರಲ್ಲಿ ಜಾಲಿಸಿದರೆ ಹೋಗದೆ ನೂಲಿನಲ್ಲಿ ಉಳಿಯುತ್ತದೆ. ನನ್ನ ತೊಗಲಿಗೇ ಹೀಗಾದರೆ...
ಜನವರಿ 14ರಂದು ಬರೆಯದೆ ಬಿಟ್ಟದ್ದು: ಆ ದಿನ ಕೌದಿಯನ್ನೂ ನೆನೆಸಿದೆ. ಒಗೆಯಬೇಡ ಎಂದು ಪಕೀರಮ್ಮ ಮೊದಲೇ ಹೇಳಿದ್ದಳು. ಕೌದಿ ಹೊದ್ದಾಗಲೆಲ್ಲ ಮಗು ತಣ್ಣಗೆ ಮಲಗುತ್ತಿತ್ತು. ತಾಯಿಯ ಸೀರೆ, ಅದಕ್ಕೇ ಎಂದು ಹುಸೇನಮ್ಮ ಅಂದಿದ್ದಳು. ಮನೆಯಲ್ಲಿ ನಾನು ಸೋಪು ಹಾಕಿ ಒಗೆಯದೆ ಇದ್ದದ್ದು ಅದೊಂದೇ; ಆ ಮೈಗೆ ಸೋಪೇ ಹೆಚ್ಚು, ಸವಳು ಇನ್ನೂ ಹೆಚ್ಚು. ಅಷ್ಟೂ ಹೊಳೆಯಲಿಲ್ಲ. ಕಲ್ಲಿಗೆ ಬಡಿದೆ. ಬೇಕಾದ್ದಕ್ಕಿಂತ ಜೋರಾಗಿ. ಒಂದು ಮೂಲೆ ಹರಿಯಿತು. ಒಳಗೆ ಮಡಿಸಿಟ್ಟೆ.
ಹೇಳದಿದ್ದರೂ ನಡೆಯುತ್ತದೆ. ಸವಳು ಹೊರಗೆಸೆದು, ಸ್ವಲ್ಪ ದಿನ ಬಿಟ್ಟು ಮಗುವನ್ನು ಕೇಳಬಹುದು. ಆದರೆ ಯಾವ ಬಾಯಿಂದ ಕೇಳುವುದು? ಕಾರಣ ಹೇಳದೆ ಆಕೆ ಕೊಡುವುದಿಲ್ಲ. ಹೇಳಿದರೂ ಕೊಡಲಿಕ್ಕಿಲ್ಲ.

ಫೆಬ್ರವರಿ 11. ಭಾನುವಾರ
ಹೇಳಿದೆ. ಎರಡೂ ಮುಂಗೈ ಚಾಚಿ ತೋರಿಸಿದೆ. ಕೌದಿಯ ಮೂಲೆಯನ್ನೂ ನಾನೇ ಬಿಡಿಸಿ ತೋರಿಸಿದೆ.
ಪಕೀರಮ್ಮ ಹರಿದ ಜಾಗದಲ್ಲಿ ಬೆರಳಾಡಿಸಿದಳು. "ಬಿರುಸಾಗಿತ್ತಂತ ಮೂರು ದಿನ ಹಳ್ಳದ ನೀರಾಗ ಬಿಟ್ಟು ಹಿಂಡಿದ್ದೆ. ಇಲಿ ಕಡದಾವ ಅಂದ್ಕೊಂಡಿದ್ದೆ." ಹರಿದ ಅಂಚನ್ನು ಸರಿಪಡಿಸುತ್ತ: "ಇದು ನನ್ನ ಮಗಳು ಗಂಡನ ಮನಿಗಿ ಉಟ್ಟು ಹೋದ ಸೀರಿ."
ಕ್ಷಮಿಸಿ ಎನ್ನಲು ಕಾದಂಬರಿಗಳಲ್ಲಿ ಒಳ್ಳೊಳ್ಳೆಯ ವಾಕ್ಯಗಳಿವೆ. ಒಂದೂ ಬಾಯಿಗೆ ಬರಲಿಲ್ಲ.
"ಎಂಟು ದಿನ. ಕೂಸಿನ ಜೋಡಿ ನಾನೂ ಬಂದು ಕುಂದರ್ತೀನಿ. ತಿರುಗಿ ಗುಳ್ಳಿ ಎದ್ದವೋ, ಈ ಕೂಸಿನ ಹೆಸರು ಎತ್ತಬ್ಯಾಡ."

ಫೆಬ್ರವರಿ 13
ಸವಳಿನ ಬುಟ್ಟಿ ಹುಸೇನಮ್ಮನಿಗೆ ವಾಪಸು. ಹಳೆಯ ಬಟ್ಟೆ ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ. ಅಮರಿಗೆ ಎರಡು ಹೊಸ ಅಂಗಿ, ಬರಿ ನೀರಲ್ಲಿ ಹಿಂಡಿದ್ದು. ಉಗುರುಬೆಚ್ಚಗಿನ ಸ್ನಾನ, ಮೈ ಒರೆಸಿದ ಕೂಡಲೇ ಎಣ್ಣೆ.
ಪಕೀರಮ್ಮ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಾಳೆ. ಬಟ್ಟೆ ಹಿಂಡುವಾಗ "ಇನ್ನೊಂದು ನೀರು ತಗಿ" ಎನ್ನುತ್ತಾಳೆ. ತೆಗೆಯುತ್ತೇನೆ.

ಫೆಬ್ರವರಿ 16. ಬೆಳಿಗ್ಗೆ 6
ಬಲ ಮೊಣಕೈ: ತುಸು ಕೆಂಪು. ಮುಟ್ಟಿದರೆ ಬಿಸಿ ಇಲ್ಲ. ನಾನು ನೋಡಿದ್ದನ್ನು ಪಕೀರಮ್ಮನೂ ನೋಡಿದಳು.

ಫೆಬ್ರವರಿ 17
ಕೆಂಪು ಹಾಗೇ ಇದೆ. ಹೆಚ್ಚಿಲ್ಲ. ಶಾಲೆಯಲ್ಲಿ ಒಂದೇ ಲೆಕ್ಕವನ್ನು ಎರಡು ಸಲ ತಪ್ಪಾಗಿ ಬರೆದೆ.

ಫೆಬ್ರವರಿ 20. ಬೆಳಿಗ್ಗೆ 7
ಎಂಟನೆಯ ದಿನ. ಬಲ ಮೊಣಕೈ: ಒಣ. ಎಡ: ಒಣ. ಕತ್ತು: ಏನೂ ಇಲ್ಲ. ಮೊಣಕಾಲ ಹಿಂಭಾಗವನ್ನು ತಾನೇ ತೋರಿಸಿದಳು. "ಅಕ್ಕೋರ, ಇಲ್ಲೂ ಬರಿ" ಎಂದಳು. ಬರೆದೆ.
ಪಕೀರಮ್ಮ ಗಂಟು ಕಟ್ಟಲು ಕೂತಿದ್ದಳು. ಮಗುವಿನ ಅಂಗಿ ಅದರೊಳಗಿದೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ. ಕೌದಿಯನ್ನು ತೊಡೆಯ ಮೇಲೆ ಹರವಿದಳು. ಹರಿದ ಮೂಲೆ ನನ್ನ ಕಡೆಗಿತ್ತು.
"ಒಂದು ತ್ಯಾಪಿ ಹಚ್ಚಬೇಕು. ನಿನ್ನದೊಂದು ಸೀರಿ ತಾ. ಸವಳು ಮುಟ್ಟದ್ದು."
ಅಂಥದ್ದು ಒಂದೇ ಇದೆ. ಟ್ರಂಕಿನ ತಳದಲ್ಲಿ, ಧಾರೆಯ ಇಳಕಲ್ ಸೀರೆ. ತಂದು ಮುಂದಿಟ್ಟೆ. ಪಕೀರಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕತ್ತರಿಯನ್ನು ನನ್ನ ಕೈಗೆ ಕೊಟ್ಟಳು.
"ದೊಡ್ಡದು ಕತ್ತರಸು. ಬೆಳಿಯೋ ಕೂಸು, ಇಲ್ಲೇ ಹೊದ್ಕೊಂಡು ಮಲಗಬೇಕು."
ಅಮರಿ ಕರೆಯುತ್ತಿದ್ದಾಳೆ, ಒಂದು ತುದಿ ತಾನು ಹಿಡಿಯಬೇಕಂತೆ. ಸೆರಗಿನ ಕಡೆಯಿಂದ ಒಂದು ಮೊಳ, ಅಂಚನ್ನೂ ಸೇರಿಸಿ—